ವಿಮಾನ ಸಂಸ್ಥೆಗಳ ವಿಲೀನ ಮತ್ತು ಸ್ಪರ್ಧೆ

ಎರಡು ವಿಮಾನ ಸಂಸ್ಥೆಗಳು ವಿಲೀನಗೊಂಡಾಗ ಸ್ಪರ್ಧೆ ಕುಗ್ಗುವುದೇ ಎಂಬ ಪ್ರಶ್ನೆಗೆ ಉತ್ತರವು ಅವುಗಳ ಒಟ್ಟು ಗಾತ್ರದಲ್ಲಿಲ್ಲ. ಅವು ಸಂಚರಿಸುವ ಒಂದೊಂದು ಮಾರ್ಗದಲ್ಲಿದೆ. ಪ್ಯಾರಿಸ್‌ಗೆ ಹೋಗಬೇಕಾದವರಿಗೆ ರೋಮ್ ವಿಮಾನವು ಪರ್ಯಾಯವಾಗದು. ಆದಕಾರಣ ಸ್ಪರ್ಧಾ ನಿಯಂತ್ರಕರು ಪ್ರತಿಯೊಂದು ಮಾರ್ಗವನ್ನೂ ಪ್ರತ್ಯೇಕ ಮಾರುಕಟ್ಟೆಯೆಂದು ಪರಿಗಣಿಸುತ್ತಾರೆ.

ದಕ್ಷಿಣ ಕೊರಿಯಾದ ನಿದರ್ಶನವನ್ನು ನೋಡೋಣ. ಏಷಿಯಾನಾವನ್ನು ಸ್ವಾಧೀನಪಡಿಸಿಕೊಳ್ಳುವುದಾಗಿ ಕೊರಿಯನ್ ಏರ್ 2020ರ ನವೆಂಬರ್‌ನಲ್ಲಿ ಪ್ರಕಟಿಸಿತು. ಐರೋಪ್ಯ ಆಯೋಗವು 2024ರ ಫೆಬ್ರವರಿಯಲ್ಲಿ ಎರಡು ಮುಖ್ಯ ಷರತ್ತುಗಳೊಡನೆ ಸಮ್ಮತಿಸಿತು.

ಒಂದು: ಸಿಯೋಲ್‌ನಿಂದ ಪ್ಯಾರಿಸ್, ರೋಮ್, ಫ್ರಾಂಕ್‌ಫರ್ಟ್ ಹಾಗೂ ಬಾರ್ಸಿಲೋನಾಗಳಿಗೆ ಹಾರಲು ಟಿ-ವೇ ಎಂಬ ಪ್ರತಿಸ್ಪರ್ಧಿಗೆ ಸಂಚಾರ ಹಕ್ಕು, ವಿಮಾನಗಳು ಮತ್ತು ಏರಿಳಿಯಲು ನಿಗದಿಯಾದ ವೇಳೆ, ಅಂದರೆ ಸ್ಲಾಟ್, ದೊರಕಬೇಕು. ಅದರ ಹಾರಾಟ ಆರಂಭವಾದ ಬಳಿಕವೇ ವಿಲೀನ. ಹಕ್ಕು, ಸ್ಲಾಟ್‌ಗಳಿಲ್ಲದೆ ಹೊಸಬರು ಹಣವಿದ್ದರೂ ಮಾರ್ಗಕ್ಕೆ ಇಳಿಯಲಾರರು ಎಂಬುದೇ ಇದರ ಹಿನ್ನೆಲೆ.

ಎರಡು: ಏಷಿಯಾನಾದ ಸರಕು ವಿಮಾನಗಳ ವ್ಯವಹಾರವನ್ನು ಬೇರೆಯವರಿಗೆ ಮಾರಬೇಕು. ಇಲ್ಲವಾದಲ್ಲಿ ಯೂರೋಪ್–ಕೊರಿಯಾ ಸರಕು ಸಾಗಣೆಯಲ್ಲಿ ಒಂದೇ ಸಂಸ್ಥೆಯ ಪ್ರಾಬಲ್ಯ ಉಂಟಾಗುತ್ತಿತ್ತು.

ಸ್ವಾಧೀನವು 2024ರ ಡಿಸೆಂಬರ್‌ನಲ್ಲಿ ಪೂರ್ಣಗೊಂಡಿತು. ಸರಕು ವ್ಯವಹಾರವು 2025ರಲ್ಲಿ ಏರ್ ಇಂಚಿಯಾನ್ ಸಂಸ್ಥೆಗೆ ಸೇರಿತು.

ವಿಮಾನದ ಮೂಲಕ ಸರಕು ಕಳುಹಿಸುವ ನಮ್ಮ ವರ್ತಕರು ಹಾಗೂ ಸಣ್ಣ ಉದ್ಯಮಿಗಳು ಇದರಿಂದ ತಿಳಿಯಬೇಕಾದುದಿಷ್ಟು: ವಿಲೀನದ ಸುದ್ದಿ ಬಂದಾಗ ತಮ್ಮ ಮಾರ್ಗದಲ್ಲಿ ಸ್ವಂತ ವಿಮಾನ ಹಾರಿಸುವವರು ಎಷ್ಟು ಮಂದಿ ಉಳಿಯುವರೆಂದು ಎಣಿಸಬೇಕು. ಕೋಡ್‌ಷೇರ್ ಒಪ್ಪಂದದಲ್ಲಿ ಹೆಸರುಗಳು ಎರಡಾದರೂ ವಿಮಾನ ಒಂದೇ. ಎಣಿಕೆ ಒಂದಕ್ಕೆ ಇಳಿಯುವಂತಿದ್ದರೆ, ಬಾಡಿಗೆ ದರದ ಕರಾರನ್ನು ವಿಲೀನಕ್ಕೆ ಮೊದಲೇ ಮಾಡಿಕೊಳ್ಳುವುದು ಲೇಸು.