ಜಲಗಾಲನವೂ ಊರಿನ ಆರೋಗ್ಯವೂ

ನೀರನ್ನು ಸೋಸಿ ಕುಡಿಯುವುದು ಶ್ರಾವಕನ ನಿತ್ಯಾಚಾರಗಳಲ್ಲಿ ಒಂದು. ಇಮ್ಮಡಿಸಿದ ದಟ್ಟನೆಯ ಬಟ್ಟೆಯಲ್ಲಿ ಸೋಸಿ, ಬಟ್ಟೆಯಲ್ಲಿ ಉಳಿದ ಜೀವಗಳನ್ನು ನೀರು ತಂದ ಜಲಾಶಯಕ್ಕೇ ಮರಳಿ ಬಿಡುವುದು ಅದರ ವಿಧಿ. ಜೀವದಯೆಯೇ ಇದರ ಉದ್ದೇಶವಾದರೂ ದೇಹರಕ್ಷಣೆಯೂ ಇದರಿಂದ ಒದಗುತ್ತದೆ.

ಕರ್ನಾಟಕವೂ ಸೇರಿ ಹಲವು ರಾಜ್ಯಗಳನ್ನು ಕಾಡಿದ ನಾರುಹುಣ್ಣು ರೋಗವು ನೀರಿನಲ್ಲಿನ ಅತಿಸಣ್ಣ ಜೀವಿಯೊಂದರ ಮೂಲಕ ಹರಡುತ್ತಿತ್ತು. ಬಟ್ಟೆಯಲ್ಲಿ ಸೋಸಿದ ನೀರು ಅದನ್ನು ತಡೆಯುತ್ತಿತ್ತು. ಆದರೆ ಒಂದೆರಡು ಮನೆಗಳ ಆಚಾರದಿಂದ ರೋಗವು ಅಳಿಯಲಿಲ್ಲ. ಜನರು ಕಾಲಿಟ್ಟು ಇಳಿಯುತ್ತಿದ್ದ ಮೆಟ್ಟಿಲುಬಾವಿಗಳನ್ನು ಮಾರ್ಪಡಿಸಿ, ಕೊಳವೆಬಾವಿಗಳನ್ನು ತೋಡಿ, ಊರೂರಿಗೆ ತಿಳಿವಳಿಕೆ ನೀಡಿದ ಬಳಿಕ, 2000ರಲ್ಲಿ ಭಾರತವು ಆ ರೋಗದಿಂದ ಮುಕ್ತವೆಂದು ವಿಶ್ವ ಆರೋಗ್ಯ ಸಂಸ್ಥೆ ಸಾರಿತು.

ಆದರೆ ಕೊಳವೆಬಾವಿಯು ಬೇರೊಂದು ಕೇಡನ್ನು ಮೇಲೆತ್ತಿತು. ತುಮಕೂರು ಜಿಲ್ಲೆಯ ನೆಲದಡಿ ಇರುವುದು ಗಟ್ಟಿ ಕಲ್ಲು. ಆಳದ ನೀರು ಕಲ್ಲಿನೊಡನೆ ಬಹುಕಾಲ ಬೆರೆತು ಫ್ಲೋರೈಡನ್ನು ಕರಗಿಸಿಕೊಳ್ಳುತ್ತದೆ. ಪಾವಗಡ, ಶಿರಾ ಸೀಮೆಯ ಹಲವು ಹಳ್ಳಿಗಳು ಇದರಿಂದ ನೊಂದಿವೆ. ಲೀಟರಿಗೆ 1.5 ಮಿಲಿಗ್ರಾಂ ಮೀರಿದ ನೀರನ್ನು ದೀರ್ಘಕಾಲ ಕುಡಿದರೆ ಮಕ್ಕಳ ಹಲ್ಲುಗಳಲ್ಲಿ ಕಲೆ ಮೂಡುವುದು. ಪ್ರಮಾಣವು ಇನ್ನೂ ಹೆಚ್ಚಿದ್ದರೆ ವರ್ಷಗಳು ಕಳೆದಂತೆ ಮೂಳೆ, ಕೀಲುಗಳು ಸೆಡೆಯುವುವು. ಕರಗಿದ ವಸ್ತುವನ್ನು ಬಟ್ಟೆಯು ತಡೆಯಲಾರದು. ಕಾಯಿಸಿದರೆ ನೀರು ಆವಿಯಾಗಿ ಅದರ ಸಾಂದ್ರತೆ ಹೆಚ್ಚುತ್ತದೆಯೇ ಹೊರತು ಕುಗ್ಗದು. ವ್ರತಿಕರಿಗಾಗಿ, ಪಾರಣೆಗಾಗಿ ನೀರು ಕಾಯಿಸುವ ಗೃಹಿಣಿಯರು ಇದನ್ನು ಅರಿತಿರಬೇಕು.

ಆರೋಗ್ಯವು ಅಡಿಗೆಮನೆಯಲ್ಲಿ ಮಾತ್ರ ರೂಪುಗೊಳ್ಳುವುದಲ್ಲ. ನೆಲದ ಕಲ್ಲು, ಮಳೆಯ ಪ್ರಮಾಣ, ಕೆರೆಯ ಸ್ಥಿತಿ, ಚರಂಡಿ, ಮನೆಯವರ ಆದಾಯ, ಪುರಸಭೆಯ ನಲ್ಲಿ ಇವೆಲ್ಲವೂ ಅದನ್ನು ರೂಪಿಸುತ್ತವೆ. ತುಮಕೂರು ನಗರಕ್ಕೆ ಬುಗುಡನಹಳ್ಳಿ ಕೆರೆಯ ಮೂಲಕ ಹೇಮಾವತಿಯ ನೀರು ಬರುತ್ತದೆ. ನಲ್ಲಿ ನಿಂತ ದಿನ ಉಳ್ಳವನು ನೀರನ್ನು ಕೊಳ್ಳುತ್ತಾನೆ. ಇಲ್ಲದವನು ಸಿಕ್ಕಿದ್ದನ್ನು ಕುಡಿಯುತ್ತಾನೆ.

ಆದುದರಿಂದ ತುಮಕೂರು, ಗುಬ್ಬಿ, ಕುಣಿಗಲ್ ಕಡೆಯ ಶ್ರಾವಕರು ತಮ್ಮ ಮನೆಯ, ಬಸದಿಯ ಕೊಳವೆಬಾವಿಯ ನೀರನ್ನು ಪರೀಕ್ಷೆ ಮಾಡಿಸುವುದು ಯುಕ್ತ. ದೋಷವಿದ್ದರೆ ಆ ನೀರನ್ನು ಕುಡಿಯಲೂ ಅಡಿಗೆಗೂ ಬಳಸದೆ, ಶುದ್ಧೀಕರಿಸಿದ ನೀರನ್ನಾಗಲಿ ಶುಚಿಯಾಗಿ ಸಂಗ್ರಹಿಸಿದ ಮಳೆನೀರನ್ನಾಗಲಿ ಸೋಸಿ ಬಳಸಬೇಕು; ನೆರೆಹೊರೆಯವರಿಗೂ ತಿಳಿಸಬೇಕು.

ಸೋಸಿದ ಜೀವಗಳನ್ನು ಜಲಾಶಯಕ್ಕೆ ಮರಳಿಸಬೇಕೆಂಬ ವಿಧಿಯಲ್ಲಿಯೇ ಈ ಕರ್ತವ್ಯವು ಅಡಗಿದೆ. ಮಂದಾರಗಿರಿಯ ಬಸದಿಗಳಿಗೆ ಹೋದವರು ಕೆಳಗಿನ ಮೈದಾಳ ಕೆರೆಯನ್ನು ಕಂಡಿರುತ್ತಾರೆ. ಅಂತಹ ಕೆರೆಗಳು ಕೊಳೆತರೆ ಮರಳಿಸಿದ ಜೀವವು ಉಳಿಯುವುದೆಲ್ಲಿ? ಕೆರೆಯನ್ನು ಕಾಯದೆ ಜಲಗಾಲನವು ಪೂರ್ಣವಾಗದು.