ಪಾದವು ಜೋಲುವುದೇಕೆ?

ನೆಟ್ಟಗೆ ನಿಂತು, ಹಿಮ್ಮಡಿಯನ್ನು ನೆಲಕ್ಕೆ ಊರಿಕೊಂಡೇ ಪಾದದ ಮುಂಭಾಗವನ್ನು ಮೇಲಕ್ಕೆತ್ತಿ ನೋಡಿರಿ. ಕಣಕಾಲಿನ ಮುಂದೆ, ಮೂಳೆಯ ಏಣಿಗೆ ಹೊರಬದಿಯಲ್ಲಿ, ಒಂದು ಸ್ನಾಯುವು ಬಿಗಿಯುವುದು ಕೈಗೆ ತಿಳಿಯುತ್ತದೆ. ನಡೆಯುವಾಗ ಪ್ರತಿ ಹೆಜ್ಜೆಯಲ್ಲಿಯೂ ನಮಗರಿವಿಲ್ಲದೆ ನಡೆಯುವ ಕ್ರಿಯೆಯಿದು. ಇದು ನಿಂತುಹೋದರೆ ಪಾದವು ಜೋತುಬಿದ್ದು ಬೆರಳುಗಳು ನೆಲಕ್ಕೆ ಎಡವುತ್ತವೆ. ಅದನ್ನು ತಪ್ಪಿಸಲು ರೋಗಿಯು ಮೆಟ್ಟಿಲೇರುವವನಂತೆ ಮೊಣಕಾಲನ್ನೆತ್ತಿ, ಪಾದವನ್ನು ಅಪ್ಪಳಿಸುತ್ತ ನಡೆಯುತ್ತಾನೆ. ಇದೇ ಜೋಲುಪಾದ. ಇದು ಸ್ವತಃ ಒಂದು ರೋಗವಲ್ಲ. ಬೇರೊಂದು ದೋಷದ ಲಕ್ಷಣ.

ಪಾದವನ್ನೆತ್ತುವ ಆಜ್ಞೆಯು ಮೆದುಳಿನಿಂದ ಹೊರಟು, ಬೆನ್ನುಹುರಿಯ ಮೂಲಕ ಇಳಿದು, ಸೊಂಟದಿಂದ ಹೊರಡುವ ನರಗಳ ದಾರಿಯಾಗಿ ಸ್ನಾಯುವನ್ನು ಸೇರುತ್ತದೆ. ಈ ಮಾರ್ಗವು ಎಲ್ಲಿ ಕೆಟ್ಟರೂ ಪಾದವು ಜೋಲಬಹುದು. ಪಾರ್ಶ್ವವಾಯು, ಬೆನ್ನೆಲುಬಿನ ನಡುವಣ ಬಿಲ್ಲೆಯು ಜರುಗಿ ನರವನ್ನು ಒತ್ತುವುದು, ಸಕ್ಕರೆ ಕಾಯಿಲೆ, ಸ್ನಾಯುಗಳ ಕ್ಷಯ ಇವೆಲ್ಲ ಕಾರಣಗಳೇ. ಆದರೆ ಅತ್ಯಂತ ದುರ್ಬಲವಾದ ತಾಣವು ಮೊಣಕಾಲಿನ ಕೆಳಗೆ, ಹೊರಬದಿಯಲ್ಲಿದೆ. ಅಲ್ಲಿ ನರವು ತೆಳುಮೂಳೆಯ ಕೊರಳನ್ನು ಬಳಸಿ, ಚರ್ಮದ ಕೆಳಗೇ ಹಾಯುತ್ತದೆ. ಬಿಗಿಯಾದ ಪ್ಲಾಸ್ಟರು ಪಟ್ಟಿ, ಬಹುಕಾಲ ಕಾಲಮೇಲೆ ಕಾಲು ಹಾಕಿ ಕೂರುವುದು, ಕಳೆ ಕೀಳುವವರಂತೆ ತಾಸುಗಟ್ಟಲೆ ಕುಕ್ಕರಗಾಲಿನಲ್ಲಿರುವುದು ಇವೂ ಅದನ್ನು ಘಾಸಿಗೊಳಿಸಬಲ್ಲವು. ಕುಷ್ಠರೋಗವು ಹಾನಿಮಾಡುವ ನರಗಳಲ್ಲಿಯೂ ಇದು ಒಂದು.

ಕಾರಣಕ್ಕೆ ತಕ್ಕಂತೆ ಚಿಕಿತ್ಸೆ. ಕೇವಲ ಒತ್ತಡದಿಂದಾದುದು ಒತ್ತಡವನ್ನು ತೆಗೆದರೆ ಅನೇಕ ವೇಳೆ ವಾಸಿಯಾಗುತ್ತದೆ. ನರದೊಳಗಿನ ತಂತುಗಳೇ ತುಂಡಾಗಿದ್ದರೆ ಅವು ದಿನಕ್ಕೆ ಸುಮಾರು 1 ಮಿಲಿಮೀಟರಿನಂತೆ ಮಾತ್ರ ಬೆಳೆಯುವುದರಿಂದ ತಿಂಗಳುಗಳ ತಾಳ್ಮೆ ಬೇಕು. ಅಷ್ಟರಲ್ಲಿ ಹಿಮ್ಮಡಿಯ ಹಿಂದಣ ಸ್ನಾಯುರಜ್ಜು ಕುಗ್ಗದಂತೆ ವ್ಯಾಯಾಮವನ್ನೂ, ಪಾದವನ್ನು ಎತ್ತಿಹಿಡಿಯುವ ಆಸರೆಪಟ್ಟಿಯನ್ನೂ ಉಪಯೋಗಿಸಬೇಕು. ಹೆಜ್ಜೆಯೆತ್ತುವಾಗ ನರಕ್ಕೆ ವಿದ್ಯುತ್ ಪ್ರಚೋದನೆ ನೀಡುವ ಉಪಾಯವನ್ನು 1961ರಲ್ಲಿ ಲಿಬರ್ಸನ್ ಮತ್ತು ಸಂಗಡಿಗರು ಪ್ರಕಟಿಸಿದರು. ಮೆದುಳಿನ ದೋಷದಿಂದ ಜೋತ ಪಾದಕ್ಕೆ ಅದು ಇಂದಿಗೂ ಉಪಯುಕ್ತ.

ನರವು ಮರಳಿ ಚೇತರಿಸದಿದ್ದರೆ? ಕಾಲಿನ ಹಿಂಭಾಗದ ಒಂದು ಸ್ನಾಯುವಿಗೆ ಬೇರೆ ನರದ ಪೂರೈಕೆಯಿದೆ. ಅದರ ರಜ್ಜುವನ್ನು ಬಿಡಿಸಿ ಪಾದದ ಮೇಲ್ಬದಿಗೆ ಹೊಲಿಯುತ್ತಾರೆ. ಹಿಂದೆ ಪಾದವನ್ನು ಕೆಳಕ್ಕೂ ಒಳಕ್ಕೂ ಎಳೆಯುತ್ತಿದ್ದ ಸ್ನಾಯುವು ಅಭ್ಯಾಸದಿಂದ ಅದನ್ನು ಮೇಲಕ್ಕೆತ್ತಲು ಕಲಿಯುತ್ತದೆ! ಕುಷ್ಠದಿಂದ ಊನಗೊಂಡವರಿಗೆ ರಜ್ಜುಗಳನ್ನು ಹೀಗೆ ಸ್ಥಳಾಂತರಿಸುವ ಚಿಕಿತ್ಸೆಯಲ್ಲಿ ವೆಲ್ಲೂರಿನ ಡಾ. ಪಾಲ್ ಬ್ರಾಂಡರು ಅಗ್ರಗಣ್ಯರು.

ಕುಷ್ಠಕ್ಕೆ ಇಂದು ಪೂರ್ಣ ಗುಣಕಾರಿಯಾದ ಔಷಧಗಳಿವೆ. ಆದರೆ ಅವು ರೋಗಾಣುವನ್ನು ಕೊಲ್ಲುವುವೇ ಹೊರತು ಸತ್ತ ನರವನ್ನು ಬದುಕಿಸಲಾರವು. ಆದುದರಿಂದ ಸ್ಪರ್ಶವಿಲ್ಲದ ಮಚ್ಚೆಯನ್ನಾಗಲಿ, ಎಡವತೊಡಗಿದ ಪಾದವನ್ನಾಗಲಿ ನಾಚಿಕೆಯಿಂದ ಮರೆಮಾಡದೆ ಕೂಡಲೇ ವೈದ್ಯರಿಗೆ ತೋರಿಸಬೇಕು. ಹಠಾತ್ತಾಗಿ ಮುಖ ಸೊಟ್ಟಗಾದರೆ, ಮಾತು ತೊದಲಿದರೆ ಅಥವಾ ಮೂತ್ರ ಕಟ್ಟಿದರೆ ಒಂದು ಗಳಿಗೆಯೂ ತಡಮಾಡಲಾಗದು.