ಹೆಸರು ತಿರುಗಿಸಿದ ಚಿತ್ರಗಾರ

ಮಂಡ್ಯ, ಮದ್ದೂರು, ಮಳವಳ್ಳಿ ಕಡೆ ಟೀ ಅಂಗಡಿಗೆ ಹೋಗಿ ನೋಡಿ. ಒಂದು ಪೇಪರನ್ನು ಹತ್ತು ಜನ ನೋಡ್ತಾರೆ. ಓದು ಬಾರದವರೂ ಅದರಲ್ಲಿ ಒಂದು ಚಿತ್ರ ನೋಡಿ ನಗ್ತಾರೆ. ಮಂತ್ರಿಗೆ ಉದ್ದ ಮೂಗು, ದೊಡ್ಡ ಹೊಟ್ಟೆ. ಇದೇ ವ್ಯಂಗ್ಯಚಿತ್ರ. ಮೈಸೂರಿನಲ್ಲಿ ಹುಟ್ಟಿದ ಆರ್.ಕೆ. ಲಕ್ಷ್ಮಣ್ ಇಂಥ ಚಿತ್ರ ಬರೆದೇ ಹೆಸರಾದವರು. ಅವರಿಗಿಂತ ಮುಂಚೆ ಮುಂಬಯಿಯಲ್ಲಿ ವ್ಯಂಗ್ಯಚಿತ್ರ ಬರೆದ ಒಬ್ಬ ಪರದೇಶದವರ ಕತೆ ಓದೋಣ ಬನ್ನಿ.

ಅವರ ಹೆಸರು ರುಡಾಲ್ಫ್ ಫಾನ್ ಲೇಡೆನ್. 1908ರಲ್ಲಿ ಜರ್ಮನಿಯ ಬರ್ಲಿನ್ ಪಟ್ಟಣದಲ್ಲಿ ಹುಟ್ಟಿದರು. ಓದಿದ್ದು ಕಲ್ಲು, ಮಣ್ಣು, ಭೂಮಿಯ ಶಾಸ್ತ್ರ.

1933ರ ಜನವರಿಯಲ್ಲಿ ಅಲ್ಲಿ ಹಿಟ್ಲರ್ ಅಧಿಕಾರಕ್ಕೆ ಬಂದ. ಯೆಹೂದಿ ಜನ ಅಂದ್ರೆ ಅವನಿಗೆ ಆಗ್ತಿರಲಿಲ್ಲ. ಏಪ್ರಿಲ್‌ನಲ್ಲೇ ಕಾನೂನು ಬಂತು. ಅಜ್ಜ ಅಜ್ಜಿಯರಲ್ಲಿ ಒಬ್ಬರು ಯೆಹೂದಿ ಆಗಿದ್ರೂ ಸಾಕು, ಸರ್ಕಾರಿ ಕೆಲಸ ಹೋಯ್ತು! ನೀನು ಏನು ಮಾಡಿದೆ ಅಂತ ಕೇಳೋರಿಲ್ಲ. ನಿನ್ನ ಅಜ್ಜಿ ಯಾರ ಮಗಳು ಅಂತ ಕೇಳ್ತಾರೆ. ಜಾತಿ ಕೇಳಿ ನೀರು ಕೊಡೋದನ್ನು ಕಂಡ ನಮಗೆ ಈ ನೋವು ಹೊಸದಲ್ಲ. ಲೇಡೆನ್ ಮನೆತನಕ್ಕೂ ಯೆಹೂದಿ ಸಂಬಂಧ ಇತ್ತು. ಅದೇ ವರ್ಷ ಅವರು ಊರು ಬಿಟ್ಟರು. ಅಣ್ಣನಿದ್ದ ಮುಂಬಯಿಗೆ ಬಂದರು.

ಕಲ್ಲಿನ ವಿದ್ಯೆ ಇಲ್ಲಿ ಅನ್ನ ಕೊಡಲಿಲ್ಲ. ಚಿತ್ರ ಕೈ ಹಿಡಿಯಿತು. ಜಾಹೀರಾತಿನ ಕೆಲಸ ಮಾಡಿದರು. ರಾಜಕೀಯದ ವ್ಯಂಗ್ಯಚಿತ್ರ ಬರೆದರು. ಅದರ ಕೆಳಗೆ ಹಾಕುತ್ತಿದ್ದ ಹೆಸರು ‘ಡೆನ್‌ಲೇ’. ಲೇ-ಡೆನ್, ಡೆನ್-ಲೇ. ಸ್ಲೇಟಿನ ಮೇಲೆ ಬರೆದು ನೋಡಿ. ಗುಟ್ಟು ತಿಳೀತಾ?

ಟೈಮ್ಸ್ ಆಫ್ ಇಂಡಿಯಾ ಪತ್ರಿಕೆಯಲ್ಲಿ ಅವರು ಚಿತ್ರಕಲೆಯ ಬಗ್ಗೆಯೂ ಬರೆಯುತ್ತಿದ್ದರು. ಮನೆಗೆಲಸ ಮಾಡಿ, ಕಾರು ತೊಳೆದು ಬದುಕುತ್ತಿದ್ದ ಕೆ.ಎಚ್. ಆರಾ ಅವರ ಕೈಚಳಕ ಕಂಡು ಬೆನ್ನು ತಟ್ಟಿದರು. ಆರಾ ಮುಂದೆ ದೊಡ್ಡ ಕಲಾವಿದರಾದರು.

ಲೇಡೆನ್‌ಗೆ ಇನ್ನೊಂದು ಹುಚ್ಚು ಇತ್ತು, ಗಂಜೀಫಾ. ಅದೂ ಇಸ್ಪೀಟಿನ ಥರದ ಆಟವೇ. ಆದರೆ ಎಲೆಗಳು ಹೆಚ್ಚಾಗಿ ದುಂಡಗೆ, ಕೈಯಲ್ಲೇ ಬಣ್ಣ ಬರೆದವು. ಇಸ್ಪೀಟಿಗೆ 52 ಎಲೆ. ದಶಾವತಾರ ಗಂಜೀಫಾಕ್ಕೆ 120! ಮಂಡ್ಯ ಸೀಮೆಯನ್ನೂ ಆಳಿದ ಮುಮ್ಮಡಿ ಕೃಷ್ಣರಾಜ ಒಡೆಯರಿಗೆ ಈ ಆಟ ಬಲು ಇಷ್ಟ. ಹೊಸ ಹೊಸ ಆಟಗಳನ್ನೇ ಕಟ್ಟಿದರು. ನಮ್ಮವರೇ ಮರೆತಿದ್ದ ಆ ಮೈಸೂರು ಎಲೆಗಳನ್ನು ಲೇಡೆನ್ ಹುಡುಕಿ, ಕಲಿತು, 1973ರಲ್ಲಿ ಪುಸ್ತಕ ಬರೆದರು. 1983ರಲ್ಲಿ ತೀರಿಕೊಂಡರು.

ನಿಮ್ಮೂರಲ್ಲಿ ಯಾರ ಮನೆ ಪೆಟ್ಟಿಗೆಯಲ್ಲಾದರೂ ಹಳೇ ಗಂಜೀಫಾ ಎಲೆ ಇದೆಯಾ? ಅಜ್ಜಿಯನ್ನು ಕೇಳಿ ನೋಡಿ.